ರೊಟ್ಟಿಯ ಅಂಚು, ಇಡ್ಲಿಯ ಅಂಚು

ನಾಣ್ಯ ಕೂಡಿಡುವ ಚಟ ನನಗಿದೆ ಎಂದು ಗೊತ್ತಾದ ಕೂಡಲೇ ಚಿತ್ರದುರ್ಗದಲ್ಲಿ ಜನ ಕೇಳುವ ಪ್ರಶ್ನೆ ಒಂದೇ. "ನಮ್ಮನೇಲಿ ವೈಷ್ಣೋದೇವಿ ಚಿತ್ರ ಇರೋ ಐದು ರೂಪಾಯಿ ಐತೆ ಸಾರ್, ಎಷ್ಟು ಲಕ್ಷಕ್ಕೆ ಹೋಗುತ್ತೆ?" ಐದು ರೂಪಾಯಿಗೆ ಹೋಗುತ್ತದೆ, ಅಂಗಡಿಯಲ್ಲಿ ಕೊಟ್ಟು ಬೆಂಕಿಪೊಟ್ಟಣ ತಗೊಳ್ಳಿ ಎಂದರೆ ನಾನೇನೋ ಅವರ ಆಸ್ತಿ ಹೊಡೆಯಲು ಹೊಂಚು ಹಾಕಿದ್ದೇನೆ ಎಂಬಂತೆ ನೋಡುತ್ತಾರೆ. ಫೋನು ತೆಗೆದು ಯಾವನೋ ಕೂಗಾಡುವ ವಿಡಿಯೊ ತೋರಿಸುತ್ತಾರೆ. ತನ್ನ ಹೆಸರು ಹೇಳಿಕೊಂಡು ಹಳೆಯ ನಾಣ್ಯ, ನೋಟುಗಳ ವ್ಯವಹಾರಕ್ಕೆ ಶುಲ್ಕ, ಕಮಿಷನ್ನು, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಿತು. ಓದಿದವರು ಯಾರು?

ಇನ್ನೊಂದು ಪಂಗಡವಿದೆ. ದೇವರ ಮನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ '1818ರ ರಾಮದರ್ಬಾರ್ ನಾಣ್ಯ' ಇಟ್ಟು ಅರಿಶಿನ ಕುಂಕುಮ ಹಚ್ಚುವವರು. ಪೂಜೆ ಮಾಡಲಿ, ಬೇಡವೆನ್ನಲು ನಾನ್ಯಾರು? ಆದರೆ ಕಂಪನಿ ಅಂಥ ನಾಣ್ಯವನ್ನು ಎಂದೂ ಹೊರಡಿಸಿಲ್ಲ. ಅದು ಈಚಿನ ಬಿಲ್ಲೆ.

ಈ ಎರಡೂ ಪಂಗಡಕ್ಕೆ ನನ್ನ ಕೈಪಿಡಿ ಬೇಡ. ಹಿರಿಯೂರಿನಲ್ಲೋ ಹೊಳಲ್ಕೆರೆಯಲ್ಲೋ ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ತಾಮ್ರದ ಬಿಲ್ಲೆಯೊಂದನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದ, ಆಮೇಲೆ ರಾತ್ರಿಯೆಲ್ಲ ಫೋನಿನಲ್ಲಿ ನಾಣ್ಯ ಹುಡುಕುತ್ತ ಕೂತ ಹುಡುಗನಿಗೆ, ಹುಡುಗಿಗೆ ಇದು. ವರಹಕ್ಕೆ ಎಷ್ಟು ಹಣ, ಹಣಕ್ಕೆ ಎಷ್ಟು ಕಾಸು ಎಂಬುದನ್ನೆಲ್ಲ ನಾನು ಹೇಳುವುದಿಲ್ಲ. ಪುಸ್ತಕದಲ್ಲಿದೆ. ನಾನು ಹೇಳುವುದು ಫೋನು ಕೆಳಗಿಟ್ಟು ಬಸ್ಸು ಹತ್ತಿ ಎಂದು. ಯಾಕೆಂದರೆ ಫೋನಿನಲ್ಲಿ ನಾಣ್ಯಕ್ಕೆ ಎರಡು ಮುಖ, ಕೈಯಲ್ಲಿ ಮೂರು.

ಮೂರನೆಯದು ಅಂಚು.

ಈ ಮಾತು ನನಗೂ ಸುಮ್ಮನೆ ಬಂದದ್ದಲ್ಲ, ದುಡ್ಡು ಕೊಟ್ಟು ಕಲಿತದ್ದು. ಹೈದರಾಲಿ 1779ರಲ್ಲಿ ದುರ್ಗವನ್ನು ಗೆದ್ದು ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಒಯ್ದದ್ದು ನಮ್ಮೂರಿನ ಮಕ್ಕಳಿಗೂ ಗೊತ್ತು. ಆಮೇಲೆ ಟಿಪ್ಪು ನಮ್ಮ ಊರಿನ ಹೆಸರನ್ನೇ ಬದಲಿಸಿ 'ಫರ್ರುಖ್‌ಯಾಬ್ ಹಿಸಾರ್' ಎಂದು ಕರೆದ, ಆ ಹೆಸರಿನಲ್ಲಿ ತಾಮ್ರದ ನಾಣ್ಯ ಹೊಡೆಸಿದ ಎಂಬುದು ಎಷ್ಟು ಜನರಿಗೆ ಗೊತ್ತು? ಕೋಟೆಯಲ್ಲಿ ಟಂಕಸಾಲೆ ಎಂದು ತೋರಿಸುವ ಮಣ್ಣಿನ ಗೋಡೆಗಳ ಮುಂದೆ ಸೆಲ್ಫಿ ತೆಗೆದುಕೊಂಡು ಇಳಿದು ಬರುತ್ತಾರೆ, ಅಷ್ಟೆ. ನನಗೋ ಆ ನಾಣ್ಯ ಬೇಕೇ ಬೇಕು ಎಂಬ ಹುಚ್ಚು ಹಿಡಿಯಿತು. ಒಂದು ಕಡೆ ಆನೆ, ಇನ್ನೊಂದು ಕಡೆ ಪಾರಸಿಯಲ್ಲಿ ನಮ್ಮ ಊರು! ಇಂಟರ್ನೆಟ್ಟಿನಲ್ಲಿ ಹುಡುಕಿದೆ, ಸಿಕ್ಕಿತು. ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ ಆನೆಯ ಬಾಲದ ಕೂದಲು ಎಣಿಸಬಹುದಿತ್ತು. ಕೊಂಡೆ. ಮಾರಿದವರ ಹೆಸರು ಇಲ್ಲಿ ಬೇಡ.

ಅದನ್ನು ಜೇಬಿನಲ್ಲಿಟ್ಟುಕೊಂಡು, ಮೆರೆಯಬೇಕೆಂದೇ, ಬೆಂಗಳೂರಿನ ನಾಣ್ಯಮೇಳಕ್ಕೆ ಹೋದೆ. ಕೆ.ಜಿ. ರಸ್ತೆಯ ಶಿಕ್ಷಕರ ಸದನ. ಮೆಜೆಸ್ಟಿಕ್ಕಿನಿಂದ ನಡೆದೇ ಹೋಗಬಹುದಾದ ಜಾಗ, ನಮ್ಮ ಕಡೆಯವರಿಗೆ ಅನುಕೂಲ. ಮೂಲೆಯ ಮೇಜಿನಲ್ಲಿ ವಯಸ್ಸಾದ ವ್ಯಾಪಾರಿಯೊಬ್ಬರು ಕೂತಿದ್ದರು, ಬಳ್ಳಾರಿ ಕಡೆಯ ಮಾತು. ಅವರ ಅಂಗೈಗೆ ನನ್ನ ಆನೆಯನ್ನು ಇಟ್ಟೆ. ಅವರು ಆನೆಯನ್ನು ನೋಡಲೇ ಇಲ್ಲ. ಅಕ್ಷರವನ್ನೂ ನೋಡಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ನಾಣ್ಯವನ್ನು ನಿಲ್ಲಿಸಿ, ಗಾಡಿಚಕ್ರ ತಿರುಗಿಸಿದ ಹಾಗೆ ಒಂದು ಸುತ್ತು ತಿರುಗಿಸಿದರು.

"ನಿಮ್ಮನೇಲಿ ರೊಟ್ಟಿ ತಟ್ಟುತ್ತಾರೇನು ತಮ್ಮಾ?"

ತಟ್ಟುತ್ತಾರೆ ಎಂದೆ.

"ತಟ್ಟಿದ ರೊಟ್ಟಿ ಅಂಚಿನಾಗೆ ಬಿರೀತದೆ. ಇದು ಬಿರಿದಿಲ್ಲ. ಇದು ಇಡ್ಲಿ."

ಇಷ್ಟೇ ಪಾಠ. ಉಳಿದದ್ದು ನಾನೇ ಬಿಡಿಸಿಕೊಂಡದ್ದು. ಹಳೆಯ ಕಾಲದ ತಾಮ್ರದ ನಾಣ್ಯವನ್ನು ಹೊಡೆಯುತ್ತಿದ್ದರು. ಅಡಿಗಲ್ಲಿನ ಮೇಲೆ ಒಂದು ಅಚ್ಚು, ಅದರ ಮೇಲೆ ಬಿಲ್ಲೆ, ಬಿಲ್ಲೆಯ ಮೇಲೆ ಇನ್ನೊಂದು ಅಚ್ಚು, ಅದರ ನೆತ್ತಿಗೆ ಸುತ್ತಿಗೆ. ಏಟು ಬಿದ್ದಾಗ ಲೋಹ ಸುತ್ತಲೂ ಹರಡುತ್ತದೆ. ತಡೆಯಲು ಬಳೆಯಂಥದ್ದು ಏನೂ ಇರಲಿಲ್ಲ. ಹಾಗಾಗಿ ಜೋಳದ ರೊಟ್ಟಿಯ ಅಂಚು ಬಿರಿಯುವಂತೆಯೇ ಅದೂ ಬಿರಿಯುತ್ತದೆ. ಬಿರುಕು ಹೊರಗೆ ಅಗಲ, ಒಳಗೆ ಹೋದಂತೆ ಕಿರಿದು. ಇನ್ನೂರು ವರ್ಷದ ಕಂದು ಬಣ್ಣ ಆ ಬಿರುಕಿನ ಒಳಗೂ ಇಳಿದಿರುತ್ತದೆ. ಖೋಟಾ ಮಾಡುವವನು ಅಸಲಿ ನಾಣ್ಯದಿಂದ ಎರಡು ಹೋಳಿನ ಅಚ್ಚು ತೆಗೆದು, ಕರಗಿಸಿದ ಲೋಹ ಎರೆಯುತ್ತಾನೆ. ಅದು ತಣಿದು ಹೊರಬಂದಾಗ ಇಡ್ಲಿಯ ಹಾಗೆ ಅಂಚು ನುಣುಪು, ದುಂಡು, ನಡುವೆ ಎರಡು ಹೋಳು ಕೂಡಿದ ಗೆರೆ. ಆ ಗೆರೆ ಕಾಣದಿರಲೆಂದು ಅರ ಹಾಕಿ ಉಜ್ಜುತ್ತಾನೆ. ಉಜ್ಜಿದರೆ ಅರದ ಗೀರು ಉಳಿಯುತ್ತದೆ. ಬಿರುಕೂ ಅಚ್ಚಿನಲ್ಲಿ ಮೂಡಿರಬಹುದು, ಆದರೆ ಅದಕ್ಕೆ ಆಳ ಇರುವುದಿಲ್ಲ, ಒಳಗೆ ತುಂಬಿಕೊಂಡಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಸೂಜಿಮೊನೆಯಷ್ಟು ಗುಳ್ಳೆಗಳೂ ಕಂಡಾವು. ನನ್ನ ಆನೆಯಲ್ಲಿ ಗೆರೆ, ಗೀರು, ಗುಳ್ಳೆ ಮೂರೂ ಇದ್ದವು.

ಮುಖದ ಮೇಲಿನ ಆನೆಯನ್ನು ಯಾರು ಬೇಕಾದರೂ ನಕಲು ಮಾಡಬಹುದು, ಅಂಚನ್ನು ಸುತ್ತಿಗೆಯೇ ಮಾಡಬೇಕು. ಅಂಗಡಿಯವನು ಕಳಿಸುವ ಫೋಟೋದಲ್ಲಿ ಇರುವುದು ಆನೆ ಮಾತ್ರ.

ಈಗಿನ ಫ್ಯಾಷನ್ನು ಇನ್ನೂ ಚೆಂದ. ನಾಣ್ಯವನ್ನು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ, ಮೇಲೆ ಚೀಟಿ ಅಂಟಿಸಿ, ಅಂಕ ಕೊಟ್ಟು ಮಾರುತ್ತಾರೆ. ಸ್ಲ್ಯಾಬು ಎನ್ನುತ್ತಾರೆ. ಅಂಚು ಪ್ಲಾಸ್ಟಿಕ್ಕಿನೊಳಗೆ ಹೂತುಹೋಗಿರುತ್ತದೆ. ಕೊಂಡವನು ನಾಣ್ಯ ನೋಡುವುದಿಲ್ಲ, ಅಂಕ ನೋಡುತ್ತಾನೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ ಚೌಕಟ್ಟು ಹಾಕಿ ಮಗನನ್ನು ಹಾಸ್ಟೆಲಿನಲ್ಲಿ ಬಿಟ್ಟ ಹಾಗೆ. ವಸ್ತುಸಂಗ್ರಹಾಲಯದಲ್ಲೂ ನಾಣ್ಯ ಗಾಜಿನಡಿ ಮಲಗಿರುತ್ತದೆ, ಅದು ಕಾವಲಿನ ಅನಿವಾರ್ಯ, ಒಪ್ಪೋಣ. ಹಾಗಾಗಿಯೇ ಅಪರಿಚಿತನಾದ ನಿಮಗೆ, ಒಂದು ಪೈಸೆ ಖರ್ಚಿಲ್ಲದೆ, ನೂರಾರು ಅಸಲಿ ಅಂಚುಗಳನ್ನು ಮುಟ್ಟಲು ಬಿಡುವ ಜಾಗ ಮೇಳವೊಂದೇ.

ಬೆಳ್ಳಿಗೆ ಬನ್ನಿ. ವಿಕ್ಟೋರಿಯಾ, ಜಾರ್ಜರ ರೂಪಾಯಿಯ ಅಂಚಿನಲ್ಲಿ ಸಾಲು ಗೀರು. ಅವನ್ನು ಯಂತ್ರದಲ್ಲಿ ಒತ್ತಿದ್ದು, ರೊಟ್ಟಿಯ ಪರೀಕ್ಷೆ ನಡೆಯದು. ಆದರೆ ಬೆರಳು ಒಂದು ಸುತ್ತು ಹೋಗಲಿ. ಎಲ್ಲೋ ಒಂದು ಕಡೆ, ಹೆಚ್ಚಾಗಿ ರಾಣಿಯ ಕಿರೀಟದ ನೇರಕ್ಕೆ, ಗೀರು ಅಳಿಸಿ ನುಣ್ಣಗಾಗಿದ್ದರೆ ಅಲ್ಲಿ ಕೊಂಡಿ ಇತ್ತು ಎಂದರ್ಥ. ನಮ್ಮ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಅಜ್ಜಿಯರ ಕೊರಳಲ್ಲಿ ರೂಪಾಯಿ ಸರ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಕೊಂಡಿ ಕಿತ್ತು, ಬೆಸುಗೆ ಉಜ್ಜಿ, ಹೊಳಪು ಕೊಟ್ಟು ಮಾರುತ್ತಾರೆ. ಫೋಟೋದಲ್ಲಿ ಗೊತ್ತೇ ಆಗುವುದಿಲ್ಲ. ಸಂಗ್ರಾಹಕರು ಇಂಥದ್ದಕ್ಕೆ ಮೂಗು ಮುರಿಯುತ್ತಾರೆ, ಬೆಲೆಯೂ ಇಳಿಯುತ್ತದೆ. ನನಗಂತೂ ಇಷ್ಟ, ಗೊತ್ತಿದ್ದೇ, ಇಳಿದ ಬೆಲೆಗೇ ಕೊಳ್ಳುತ್ತೇನೆ. ಇನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರ ರೂಪಾಯಿಯ ಬೆಳ್ಳಿಯನ್ನು ಹನ್ನೆರಡರಲ್ಲಿ ಹನ್ನೊಂದು ಪಾಲಿನಿಂದ ಅರ್ಧಕ್ಕೆ ಇಳಿಸಿತು. ಬೆಳ್ಳಿ ಕಡಿಮೆಯಾದರೆ ಖೋಟಾ ಸುಲಭ ಎಂದು ಹೆದರಿ ಅಂಚಿನ ಗೀರುಗಳ ನಡುವೆ ಸುತ್ತಲೂ ಒಂದು ಕಾಲುವೆ ಕೊರೆಯಿತು. ಕಳ್ಳ ಎಡವುವುದು ಅಂಚಿನಲ್ಲೇ ಎಂದು ಸರ್ಕಾರಕ್ಕೂ ಗೊತ್ತಿತ್ತು ನೋಡಿ.

ಮೇಳದಲ್ಲಿ ನಡೆದುಕೊಳ್ಳುವುದು ಹೇಗೆ ಎಂದು ಕೇಳುತ್ತೀರಿ. ಬೆಳಿಗ್ಗೆ ಬೇಗ ಹೋಗಿ, ಮೊದಲ ಸುತ್ತಿನಲ್ಲಿ ಕೈ ಜೇಬಿನಲ್ಲೇ ಇರಲಿ, ಏನೂ ಕೊಳ್ಳಬೇಡಿ. ಜನ ಮುತ್ತಿಕೊಂಡಿರುವ, ಬಣ್ಣದ ಚೌಕಟ್ಟು ಹಾಕಿದ ಸ್ಮರಣಾರ್ಥ ನಾಣ್ಯಗಳ ಮೇಜನ್ನು ದಾಟಿ ಮುಂದೆ ನಡೆಯಿರಿ. ಪಾಪ, ಅವರಿಗೂ ಹೊಟ್ಟೆಪಾಡು. ನಾಣ್ಯವನ್ನು ಅಂಚಿನಲ್ಲೇ ಹಿಡಿಯಿರಿ, ಟ್ರೇಯ ಮೇಲೆಯೇ ಹಿಡಿಯಿರಿ, ಬಿದ್ದರೆ ಬಟ್ಟೆಯ ಮೇಲೆ ಬೀಳಲಿ. ನಾಣ್ಯದ ಮೇಲೆ ಬಗ್ಗಿ ಮಾತಾಡಬೇಡಿ, ಎಂಜಲಿನ ಹನಿ ತಾಮ್ರದ ಮೇಲೆ ಚುಕ್ಕೆಯಾಗಿ ಉಳಿಯುತ್ತದೆ. ಅಗ್ಗದ ಡಬ್ಬಿಯನ್ನು ಕೆದಕುವುದಕ್ಕೆ ನಾಚಬೇಡಿ, ನನ್ನ ಬಳಿಯಿರುವ ಮುಮ್ಮಡಿ ಕೃಷ್ಣರಾಜ ಒಡೆಯರ ಆನೆ ಕಾಸುಗಳಲ್ಲಿ ಮುಕ್ಕಾಲು ಪಾಲು ಡಬ್ಬಿಯಿಂದ ಎದ್ದು ಬಂದವು. ಚೌಕಾಸಿ ಮಾಡಿ, ಆದರೆ "ನೆಟ್ಟಲ್ಲಿ ಇಷ್ಟಕ್ಕೇ ಸಿಗುತ್ತೆ" ಎನ್ನಬೇಡಿ. ಹಾಗೆ ಅಂದವರಿಗೆ ಮೇಜಿನ ಕೆಳಗಿನ ಪೆಟ್ಟಿಗೆ ತೆರೆಯುವುದಿಲ್ಲ.

ಓದುವುದಕ್ಕೆ ಪುಸ್ತಕಗಳು ಸಾಕಷ್ಟಿವೆ. ಎ.ವಿ. ನರಸಿಂಹಮೂರ್ತಿಯವರ 'ಕಾಯಿನ್ಸ್ ಆಫ್ ಕರ್ನಾಟಕ' ಇಲ್ಲದೆ ಹೊರಡಬೇಡಿ. ಹೈದರ್, ಟಿಪ್ಪುವಿಗೆ ಹೆಂಡರ್ಸನ್ 1921ರಲ್ಲಿ ತಂದ ಪಟ್ಟಿಯೇ ಇನ್ನೂ ದಾರಿದೀಪ. ಟಿಪ್ಪುವಿನ ಇಸವಿ ಓದುವುದೊಂದು ಮಜಾ. ಅವನು ತನ್ನದೇ ಮೌಲೂದಿ ಶಕೆ ತಂದಮೇಲೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 6121 ಎಂದು ಕಂಡರೆ ಅದು 1216. ಪೈಸೆಗೆ ಜೊಹ್ರಾ, ಅರ್ಧ ಪೈಸೆಗೆ ಬಹ್ರಾಮ್ ಎಂದು ಹೆಸರಿಟ್ಟ. ಶುಕ್ರ, ಮಂಗಳ ಗ್ರಹಗಳು. ಕಾಳುಕಡಿಯಷ್ಟಿರುವ ಚಿನ್ನದ ಹಣಗಳ ಬಗ್ಗೆ ಹೇಳಲು ನನಗೆ ಹೆಚ್ಚೇನಿಲ್ಲ. ಅವಕ್ಕೆ ಅಂಚೆಂಬುದೇ ಇಲ್ಲ, ತಕ್ಕಡಿಯನ್ನು ನಂಬಿ.

ಚಂದ್ರವಳ್ಳಿಯ ಮಾತು ಬೇರೆ. ನಮ್ಮ ಕೋಟೆಯ ಬೆನ್ನಿಗೇ ಇರುವ ಆ ಕಣಿವೆಯಲ್ಲಿ ಎಂ.ಎಚ್. ಕೃಷ್ಣ ಅಗೆದರು, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದರು. ಶಾತವಾಹನರ ನಾಣ್ಯ, ರೋಮಿನ ಬೆಳ್ಳಿಯ ದಿನಾರಿ ಒಂದೇ ಮಣ್ಣಿನಲ್ಲಿ ಸಿಕ್ಕವು. ದುರ್ಗದ ಸೀಮೆಯಲ್ಲಿ ಸಿಕ್ಕ ಸದಕಣ ಕಳಲಾಯ ಮಹಾರಥಿಯ ಸೀಸದ ನಾಣ್ಯಗಳಂತೂ ನನ್ನ ಕಣ್ಣಿಗೆ ಕರ್ನಾಟಕದ ಅತಿ ಗಂಭೀರ ನಾಣ್ಯಗಳು: ಹಿಣಿಲಿನ ಗೂಳಿ, ಸುತ್ತ ಅಕ್ಷರ, ಹಿಂದೆ ಕಟಾಂಜನದೊಳಗಿನ ಮರ. ಸೀಸ ಮೆತ್ತಗಿನ ಲೋಹ, ತಾಮ್ರದಂತೆ ಬಿರಿಯುವುದಿಲ್ಲ. ಅಚ್ಚಿಗೆ ಎರೆದೇ ಮಾಡಿದ ಅಸಲಿ ಪ್ರಾಚೀನ ನಾಣ್ಯಗಳೂ ಇವೆ. ನನ್ನ ರೊಟ್ಟಿ ಶಾಸ್ತ್ರ ಅಲ್ಲಿ ಸೋಲುತ್ತದೆ, ಒಪ್ಪಿಕೊಳ್ಳುತ್ತೇನೆ. ಮರದ ಪೆಟ್ಟಿಗೆಯಲ್ಲಿ ಮಾತ್ರ ಸೀಸವನ್ನು ಇಡಬೇಡಿ, ಮರದ ಆಮ್ಲ ತಾಗಿ ಬಿಳಿ ಪುಡಿಯಾಗಿ ಉದುರುತ್ತದೆ. ಮಳೆ ಬಂದ ಮಾರನೆಯ ದಿನ ಕಣಿವೆಗೆ ಹೋಗಿ ಕೆದಕುವ ಶೂರರಿಗೆ ಒಂದು ಮಾತು: ನಿಧಿ ಕಾಯ್ದೆ ಇನ್ನೂ ಬದುಕಿದೆ. ನೆಲದಲ್ಲಿ ಹುದುಗಿದ್ದು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. 'ಚಂದ್ರವಳ್ಳಿಯದೇ, ಈಗ ಸಿಕ್ಕಿದ್ದು' ಎಂದು ಫೋನಿನಲ್ಲಿ ಯಾರಾದರೂ ಮಾರಲು ಬಂದರೆ, ಅದು ಸುಳ್ಳಾದರೂ ಬೇಡ, ನಿಜವಾದರೂ ಬೇಡ.

ಹುಣಸೆಹಣ್ಣು. ಇದನ್ನು ಹೇಳದಿದ್ದರೆ ನನಗೆ ನಿದ್ದೆ ಬಾರದು. ಹೊಸದುರ್ಗದಲ್ಲಿ ಒಬ್ಬರ ಮನೆಯಲ್ಲಿ ಐವತ್ತಕ್ಕೂ ಹೆಚ್ಚು ತಾಮ್ರದ ಕಾಸುಗಳಿವೆ ಎಂದು ಸುದ್ದಿ ಬಂದು ಓಡಿದೆ. ನಾನು ಬರುತ್ತೇನೆಂದು ಮನೆಯಾಕೆ, ಆ ತಾಯಿ, ಗೌರವಕ್ಕೆ ಎಲ್ಲವನ್ನೂ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ, ತೊಳೆದು, ಹಿತ್ತಾಳೆ ತಟ್ಟೆಯಲ್ಲಿ ಜೋಡಿಸಿದ್ದರು. ದೀಪಾವಳಿಯ ಕೊಳಗದಂತೆ ಥಳಥಳ. ಎರಡು ಶತಮಾನದ ಬಣ್ಣ ಬಚ್ಚಲಿಗೆ ಹರಿದುಹೋಗಿತ್ತು. ಕಾಫಿ ಕುಡಿದು ಬಂದೆ. ಹಸಿರು ಕಿಲುಬು ಪುಡಿಯಾಗಿ ಉದುರುತ್ತಿದ್ದರೆ ಅನುಭವಿಗಳಿಗೆ ತೋರಿಸಿ, ಉಳಿದಂತೆ ನಾಣ್ಯಕ್ಕೆ ಸ್ನಾನ ಬೇಡ.

ಹಾಗಾದರೆ ಆನ್‌ಲೈನ್ ಪೂರಾ ದಂಡವೇ? ಅಷ್ಟು ಮೊಂಡನಲ್ಲ ನಾನು. ಹರಾಜು ಸಂಸ್ಥೆಗಳ ಹಳೆಯ ಪಟ್ಟಿಗಳನ್ನು ತೆರೆದು ಯಾವುದು ಎಷ್ಟಕ್ಕೆ ಹೋಯಿತು ಎಂದು ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಗುರುತಿರುವ ವ್ಯಾಪಾರಿಯಿಂದ, ವಾಪಸಾತಿಯ ಮಾತಿದ್ದರೆ, ನಾನೂ ತರಿಸುತ್ತೇನೆ. ಗುರುತಾದದ್ದು ಎಲ್ಲಿ ಎಂದು ಕೇಳಿದರೆ, ಮೇಳದಲ್ಲಿ. ನನ್ನ ಇಡ್ಲಿ ಆನೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಹೊಸಬರು ಬಂದರೆ ಮೊದಲು ಅದನ್ನೇ ಕೈಗೆ ಕೊಡುವುದು.

ಮೊನ್ನೆ ಹಿರಿಯೂರಿನ ಹುಡುಗನೊಬ್ಬ ಬಂದಿದ್ದ. ಫೋನು ಚಾಚಿದ. "ಅಣ್ಣಾ, ಫರ್ರುಖ್‌ಯಾಬ್ ಹಿಸಾರ್ ಪೈಸೆ. ತಗೊಳ್ಲಾ?" ಎರಡು ಫೋಟೋ, ಚೆನ್ನಾಗಿದ್ದವು. ಮೂರನೆಯದು ಎಲ್ಲಪ್ಪಾ ಎಂದೆ. ಅವನಿಗೆ ಅರ್ಥವಾಯಿತು, ಅಲ್ಲೇ ಕೂತು ಮಾರುವವನಿಗೆ ಬರೆದ: ಅಂಚಿನ ಫೋಟೋ ಕಳಿಸಿ. ಚಹಾ ಮುಗಿಯುವಷ್ಟರಲ್ಲಿ ಉತ್ತರ ಬಂತು.

"ಅಂಚು ದುಂಡಗಿದೆ ಸರ್."