ಮಾಲೀಸಿಗಿಂತ ಮೊದಲು ಗೊರಸು

ಮದುವೆಯ ಮುಹೂರ್ತಗಳು ಸಾಲುಗಟ್ಟಿದ್ದ ತಿಂಗಳು. ರಾತ್ರಿ ಹೈದರಾಬಾದಿನ ಅಮೀರ್‌ಪೇಟ್‌ನ ಮೆಟ್ರೋ ಕಂಬವೊಂದರ ಪಕ್ಕ ಬಿಳಿ ಹೆಣ್ಣುಕುದುರೆಯೊಂದು ನಿಂತಿತ್ತು. ಬೆನ್ನಿಗೆ ಜರಿಯ ಹೊದಿಕೆ, ಹಣೆಗೆ ಗೊಂಡೆ, ಕಾಲಿಗೆ ಗೆಜ್ಜೆ. ಮದುಮಗ ಇನ್ನೂ ಬಂದಿರಲಿಲ್ಲ. ಕೋಚಿಂಗ್ ಕ್ಲಾಸ್ ಮುಗಿಸಿ ಹಾಸ್ಟೆಲ್ಲಿಗೆ ಹೊರಟಿದ್ದ ಹುಡುಗರು ನಿಂತು ಫೋಟೋ ತೆಗೆಯುತ್ತಿದ್ದರು. ನನ್ನ ಕಣ್ಣು ಹೋದದ್ದು ಅದರ ಎಡ ಮುಂಗಾಲಿಗೆ. ದಣಿದ ಕುದುರೆ ಒಂದು ಹಿಂಗಾಲನ್ನು ಸಡಿಲ ಬಿಟ್ಟು, ಗೊರಸಿನ ತುದಿಯಷ್ಟನ್ನೇ ನೆಲಕ್ಕೆ ತಾಗಿಸಿ ನಿಲ್ಲುತ್ತದೆ, ಅದು ವಿಶ್ರಾಂತಿ. ಮುಂಗಾಲನ್ನು ಮುಂದಕ್ಕೆ ಚಾಚಿ, ಭಾರ ತಪ್ಪಿಸಿಕೊಂಡು ನಿಂತರೆ ಸಾಮಾನ್ಯವಾಗಿ ಅದು ನೋವು. ಈ ಕುದುರೆ ಮುಂಗಾಲು ಚಾಚಿ ನಿಂತಿತ್ತು.

ಕುದುರೆಯವನಿಗೆ ಹೇಳಿದೆ. ಅವನು ನೊಂದುಕೊಂಡ. ದಿನಾ ಎಣ್ಣೆ ಹಚ್ಚಿ ಮಾಲೀಸು ಮಾಡುತ್ತೇನೆ, ಮಗಳ ಹಾಗೆ ಸಾಕಿದ್ದೇನೆ ಎಂದು ದಖನಿಯಲ್ಲಿ ಹೇಳಿಕೊಂಡ. ಅದು ಸುಳ್ಳಾಗಿರಲಿಲ್ಲ. ಕುದುರೆಯ ಮೈ ದೀಪದ ಬೆಳಕಿಗೆ ಹೊಳೆಯುತ್ತಿತ್ತು. ಅವನು ಕುತ್ತಿಗೆಯ ಮೇಲೆ ಕೈಯಿಟ್ಟ ಕೂಡಲೇ ಅದು ತಲೆ ತಗ್ಗಿಸಿತು. ಪ್ರೀತಿ ಇತ್ತು, ಮಾಲೀಸು ಇತ್ತು, ನೋವೂ ಇತ್ತು. ಮೊಬೈಲ್ ಟಾರ್ಚ್ ಹಿಡಿದು ಕಾಲೆತ್ತಿ ನೋಡಿದಾಗ ಲಾಳಕ್ಕೂ ಅಂಗಾಲಿಗೂ ನಡುವೆ ಜಲ್ಲಿಯ ಚೂರೊಂದು ಸಿಕ್ಕಿಕೊಂಡಿತ್ತು.

ಸವಾರಿ ಕುದುರೆಗಳ ಅಂಗಾರೈಕೆ, ಅಂದರೆ ಮೈಯ ಆರೈಕೆ, ಎಂಬ ಪದ್ಧತಿಯನ್ನು ತೂಗಿ ನೋಡಲು ನನಗೆ ಸಿಕ್ಕ ಅಳತೆಗೋಲು ಆ ಜಲ್ಲಿಚೂರು. ಇಂದು ನಗರದ ಹೊರವಲಯದ ರೈಡಿಂಗ್ ಕ್ಲಬ್ಬುಗಳಲ್ಲಿ ಮಸಾಜ್, ಸ್ಟ್ರೆಚಿಂಗ್, ಮ್ಯಾಗ್ನೆಟ್ ಹೊದಿಕೆ, ಲೇಸರ್ ಎಂದು ಬಗೆಬಗೆಯ ಸೇವೆಗಳು ಬಂದಿವೆ. ಬಡ ಕುದುರೆಯವನ ಎಣ್ಣೆ ಮಾಲೀಸು, ಕ್ಲಬ್ಬಿನ ಹೊಸ ಚಿಕಿತ್ಸೆ ಎರಡನ್ನೂ ಒಂದೇ ಪ್ರಶ್ನೆಯಿಂದ ಪರೀಕ್ಷಿಸಬೇಕು: ಇದರಿಂದ ಕುದುರೆ ಕುಂಟದೆ, ನೋವಿಲ್ಲದೆ ನಡೆಯುತ್ತದೆಯೇ?

ದಖನ್ನಿನಲ್ಲಿ ಈ ಪ್ರಶ್ನೆ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ವಿಷಯಕ್ಕೆ, ವಾಹ್ಯಾಳಿ ಎಂಬ ಸವಾರಿ ವಿನೋದಕ್ಕೆ ಪ್ರತ್ಯೇಕ ಜಾಗವಿದೆ. ಆ ಕಲ್ಯಾಣ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಹೈದರಾಬಾದಿಗೆ ಅರ್ಧ ದಿನದ ದಾರಿಯೂ ಅಲ್ಲ. ಅಶ್ವವೈದ್ಯದ ಮೂಲಪುರುಷನೆಂದು ಹೇಳುವ ಶಾಲಿಹೋತ್ರನ ಹೆಸರು ಸವೆದು ‘ಸಾಲೋತ್ರಿ’ಯಾಗಿ, ಕುದುರೆ ವೈದ್ಯ ಎಂಬ ಅರ್ಥದಲ್ಲಿ ಬ್ರಿಟಿಷರ ಕಾಲದ ಅಶ್ವದಳಗಳಲ್ಲೂ ಬಳಕೆಯಲ್ಲಿತ್ತು. ಭೀಮಾ ನದಿಯ ದಂಡೆಯ ತಟ್ಟುಗಳು ಮರಾಠಾ ದಂಡಿನಲ್ಲಿ ಹೆಸರು ಮಾಡಿದ್ದವು. ಮೊದಲ ಮಹಾಯುದ್ಧದಲ್ಲಿ ಹೈದರಾಬಾದ್, ಮೈಸೂರು, ಜೋಧಪುರ ಸಂಸ್ಥಾನಗಳ ಲ್ಯಾನ್ಸರುಗಳು ಒಂದೇ ಬ್ರಿಗೇಡಿನಲ್ಲಿ ದುಡಿದರು; 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದದ್ದು ಮೈಸೂರು ಮತ್ತು ಜೋಧಪುರದ ಸವಾರರು.

ಅಶ್ವದಳಗಳ ಶಿಸ್ತಿನಲ್ಲಿ ಮಾಲೀಸಿಗೆ ಸ್ಥಾನವಿತ್ತು, ಅಗ್ರಸ್ಥಾನ ಇರಲಿಲ್ಲ. ದೂರದ ಪಯಣದಲ್ಲಿ ಆಗಾಗ ಕೆಳಗಿಳಿದು ಕುದುರೆಯ ಜೊತೆ ನಡೆಯುವುದು, ನಿಂತಲ್ಲಿ ಜೀನಿನ ಪಟ್ಟಿ ಸಡಿಲಿಸುವುದು, ಕಾಳಿಗಿಂತ ಮೊದಲು ನೀರು ಕುಡಿಸುವುದು, ಠಾಣ್ಯ ಸೇರಿದ ಕೂಡಲೇ ಬೆನ್ನು ಮತ್ತು ಗೊರಸು ನೋಡುವುದು ಮೊದಲು. ಹುಲ್ಲಿನ ಸಿಂಬೆ ಹಿಡಿದು ಮೈ ತಿಕ್ಕುವುದು ಆಮೇಲೆ. ಕುದುರೆ ಕುಂಟಿದರೆ ಸವಾರನ ಪ್ರಾಣಕ್ಕೇ ಸಂಚಕಾರ ಎಂದು ತಿಳಿದವರು ಮಾಡಿಕೊಂಡ ಕ್ರಮ ಅದು. ನನಗೆ ಅದು ಇವತ್ತಿಗೂ ಸರಿಯಾಗಿಯೇ ಕಾಣುತ್ತದೆ.

ಮಾಲೀಸನ್ನು ಕಡೆಗಣಿಸಿ ಈ ಮಾತು ಹೇಳುತ್ತಿಲ್ಲ. ಅದರ ನಿಜವಾದ ಬೆಲೆ ನನಗೆ ತಿಳಿದದ್ದು ಕುದುರೆ ನೋಡಿಕೊಳ್ಳುವ, ಹುಮನಾಬಾದ್ ಕಡೆಯ ಒಬ್ಬ ಹಿರಿಯ ಕಾಸ್ತಾರರಿಂದ. ಬೆಳಗಿನ ಐದೂವರೆಗೆ ಲಾಯಕ್ಕೆ ಬಂದರೆ ಅವರು ಮೊದಲು ಬ್ರಶ್ ಮುಟ್ಟುತ್ತಿರಲಿಲ್ಲ. ಬರಿಗೈಯನ್ನು ಕುದುರೆಯ ಕಿವಿಯ ಹಿಂದಿನಿಂದ ಕುತ್ತಿಗೆ, ಹೆಗಲು, ಬೆನ್ನು, ಸೊಂಟ, ತೊಡೆಯವರೆಗೆ ಒಮ್ಮೆ ಆಡಿಸುತ್ತಿದ್ದರು. ಆಮೇಲೆ ನಾಲ್ಕೂ ಕಾಲುಗಳ ಕೆಳಭಾಗವನ್ನು ಹಿಂಗೈಯಿಂದ ಮುಟ್ಟಿ, ಬಲಗಾಲಿಗೂ ಎಡಗಾಲಿಗೂ ಬಿಸಿಯಲ್ಲಿ ವ್ಯತ್ಯಾಸವಿದೆಯೇ ಎಂದು ನೋಡುತ್ತಿದ್ದರು. ಗೊರಸಿನ ಮೇಲಿನ ಸಂದಿನಲ್ಲಿ ಎರಡು ಬೆರಳಿಟ್ಟು ನಾಡಿ ಹುಡುಕುತ್ತಿದ್ದರು. ಆರೋಗ್ಯವಂತ ಕಾಲಿನಲ್ಲಿ ಅದು ಸಿಗುವುದೇ ಕಷ್ಟ, ಗೊರಸಿನೊಳಗೆ ಉರಿಯೂತವಿದ್ದರೆ ದಪದಪನೆ ಬಡಿಯುತ್ತದೆ. “ನೋಡ್ರಿ ಸರ್, ಕೈ ಮೊದಲ ಕೇಳಬೇಕು, ಆಮ್ಯಾಲ ಒತ್ತಬೇಕು,” ಎನ್ನುತ್ತಿದ್ದರು. ಒಂದು ದಿನ ಜೀನು ಕೂರುವ ಜಾಗದ ಹಿಂದೆ ಅವರ ಬೆರಳು ನಿಂತಿತು. ಕುದುರೆಯ ಚರ್ಮ ನೊಣ ಕೂತ ಹಾಗೆ ಅದುರಿತು. ಅವರು ಒತ್ತಲಿಲ್ಲ, ತಿಕ್ಕಲಿಲ್ಲ. ಜೀನು ತಂದು ತಿರುಗಿಸಿ ಅದರ ಅಡಿಯ ಮೆತ್ತೆಯನ್ನು ಒತ್ತಿ ನೋಡಿದರು. ಅಲ್ಲಿ ಗಂಟು ಕಟ್ಟಿತ್ತು.

ಇಂಥ ಕೈಯ ಮುಂದೆ ಯಾವ ಯಂತ್ರವೂ ಸಾಟಿಯಲ್ಲ. ಮಾಲೀಸಿನ ಮೊದಲ ಕೆಲಸ ಕುದುರೆಯ ಮೈಯನ್ನು ಓದುವುದು, ಸಡಿಲಿಸುವುದು ಎರಡನೆಯದು. ದಿನಾ ಮುಟ್ಟುವವನಿಗೆ ಮಾತ್ರ ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ ತಿಳಿಯುತ್ತದೆ. ತಿಂಗಳಿಗೊಮ್ಮೆ ಕಾರಿನಲ್ಲಿ ಬಂದು ಹೋಗುವ ತಜ್ಞರಿಗೆ ಆ ‘ನಿನ್ನೆ’ ಇರುವುದಿಲ್ಲ.

ಇನ್ನು ಮಾಲೀಸಿನಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ಕುದುರೆಯ ದೇಹರಚನೆಯೇ ಹೇಳುತ್ತದೆ. ಕುದುರೆಗೆ ಕಾಲರ್ ಬೋನ್ ಇಲ್ಲ. ಮುಂಗಾಲುಗಳು ಎದೆಗೂಡಿಗೆ ಅಂಟಿಕೊಂಡಿರುವುದು ಸ್ನಾಯು ಮತ್ತು ಕಂಡರಗಳಿಂದ ಮಾತ್ರ. ನಿಂತ ಕುದುರೆಯ ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಈ ಮುಂಗಾಲುಗಳ ಮೇಲಿರುತ್ತದೆ. ಜೀನು ಕೂರುವುದೂ ಬೆನ್ನುದ್ದಕ್ಕೆ ಹರಡಿದ ದೊಡ್ಡ ಸ್ನಾಯುವಿನ ಮೇಲೆ. ಹಾಗಾಗಿ ಹೆಗಲು, ಎದೆ, ಬೆನ್ನು ಬಿಗಿದರೆ ಹೆಜ್ಜೆ ಚಿಕ್ಕದಾಗುತ್ತದೆ. ನುರಿತ ಕೈ ಅದನ್ನು ಸಡಿಲಿಸಬಲ್ಲದು. ಆದರೆ ಮೊಣಕಾಲಿನಿಂದ ಕೆಳಗೆ ಮಾಂಸವೇ ಇಲ್ಲವೆನ್ನಬೇಕು. ಅಲ್ಲಿರುವುದು ಎಲುಬು, ಸ್ನಾಯುರಜ್ಜು, ಚರ್ಮ. ಸವಾರಿ ಕುದುರೆಗಳ ಕುಂಟಿಗೆ ಮೂಲವಾಗುವ ಪೆಟ್ಟುಗಳಲ್ಲಿ ಬಹುಪಾಲು ಆಗುವುದು ಈ ಕೆಳಭಾಗದಲ್ಲಿ ಮತ್ತು ಗೊರಸಿನಲ್ಲಿ. ಆಗತಾನೆ ಪೆಟ್ಟು ತಿಂದ ಬಿಸಿ ರಜ್ಜುವನ್ನು ಎಣ್ಣೆ ಹಚ್ಚಿ ತಿಕ್ಕಿದರೆ ಹಾನಿಯೇ ಹೆಚ್ಚು. ಅದಕ್ಕೆ ಬೇಕಾದದ್ದು ತಣ್ಣೀರು, ವಿಶ್ರಾಂತಿ, ಪಶುವೈದ್ಯರ ಕಣ್ಣು.

ಮಾಲೀಸಿನ ಪರವಾಗಿ ವಿಜ್ಞಾನದ ಸಾಕ್ಷ್ಯವೂ ಇದೆ. 2008ರಲ್ಲಿ ಇಕ್ವೈನ್ ವೆಟರಿನರಿ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು 38 ಕುದುರೆಗಳ ಬೆನ್ನು ಎಷ್ಟು ಒತ್ತಡ ತಾಳುತ್ತದೆ ಎಂದು ಅಳೆಯಿತು. ಕೈರೊಪ್ರಾಕ್ಟಿಕ್ ಚಿಕಿತ್ಸೆ, ಮಾಲೀಸು, ನೋವು ನಿವಾರಕ ಫೀನೈಲ್‌ಬ್ಯೂಟಜೋನ್ ಇವುಗಳನ್ನು ಹೋಲಿಸಿದಾಗ, ಮಾಲೀಸು ಪಡೆದ ಕುದುರೆಗಳ ಬೆನ್ನು ಮೊದಲಿಗಿಂತ ಹೆಚ್ಚು ಒತ್ತಡ ತಾಳಿತು. ಇದು ಸಣ್ಣ ಮಾತಲ್ಲ. ಆದರೆ ಆ ಕುದುರೆಗಳಲ್ಲಿ ಕಾಯಿಲೆಯ ಲಕ್ಷಣ ಇರಲಿಲ್ಲ ಎಂಬುದನ್ನೂ ಜೊತೆಗೇ ಓದಬೇಕು. ಆರೋಗ್ಯವಂತ ಬೆನ್ನಿಗೆ ಹಿತವಾದದ್ದು ಕುಂಟುವ ಕುದುರೆಯನ್ನು ಗುಣಪಡಿಸುತ್ತದೆ ಎನ್ನುವುದಕ್ಕೆ ಈ ಅಧ್ಯಯನ ಆಧಾರವಾಗದು.

ನಾನು ಸವಾರಿ ಕಲಿಯುತ್ತಿದ್ದ ಒಂದು ಲಾಯದಲ್ಲಿ ಇದೇ ತಪ್ಪು ನಡೆಯಿತು. ರೇಸಿನಿಂದ ನಿವೃತ್ತವಾಗಿ ಬಂದ ಕಂದು ಕುದುರೆ ಎಡಕ್ಕೆ ಕ್ಯಾಂಟರ್ ಹಿಡಿಯಲು ಒಪ್ಪುತ್ತಿರಲಿಲ್ಲ. ಬೆನ್ನು ಬಿಗಿದಿದೆ ಎಂದು ಮಸಾಜ್ ಮಾಡಿಸಿದರು. ಎರಡು ದಿನ ಚೆನ್ನಾಗಿ ಓಡುತ್ತಿತ್ತು, ಮೂರನೆಯ ದಿನ ಮತ್ತೆ ಹಾಗೇ. ನಾಲ್ಕು ತಿಂಗಳು ಇದೇ ನಡೆಯಿತು. ಅಷ್ಟರಲ್ಲಿ ಹೆಗಲ ದಿಬ್ಬದ ಪಕ್ಕ ಅಂಗೈಯ ಅರ್ಧದಷ್ಟು ಜಾಗದಲ್ಲಿ ಬಿಳಿ ಕೂದಲು ಹುಟ್ಟಿತ್ತು. ಜೀನು ಒತ್ತಿ ಒತ್ತಿ ಕೂದಲಿಗೆ ಬಣ್ಣ ಕೊಡುವ ಕೋಶಗಳು ಸತ್ತಾಗ ಬರುವ ಬಿಳುಪು ಅದು. ಜೀನು ಬದಲಾಯಿಸಿದ ಮೇಲೆ, ಕೆಲವು ವಾರ ಬರಿಬೆನ್ನಿನಲ್ಲಿ ನಡೆಸಿದ ಮೇಲೆ ಕುದುರೆ ಎಡಕ್ಕೂ ಓಡಿತು. ಮಸಾಜ್ ಮಾಡಿದವರ ಕೈಯಲ್ಲಿ ಕಸುಬಿತ್ತು. ಅವರು ಜೀನನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ವಾರವಾರ ಸಿಕ್ಕ ತಾತ್ಕಾಲಿಕ ಹಿತವೇ ಮೂಲ ಕಾರಣವನ್ನು ಮುಚ್ಚಿಟ್ಟಿತು. ನನ್ನ ದೃಷ್ಟಿಯಲ್ಲಿ ಈ ಪದ್ಧತಿಯ ಅತಿ ದೊಡ್ಡ ಅಪಾಯ ಇದೇ.

ಹಳೆಯ ಪದ್ಧತಿಯ ದೋಷಗಳನ್ನೂ ಮುಚ್ಚಿಡಬಾರದು. ಕಬ್ಬಿಣದ ಹಲ್ಲಿನ ಖರಾರವನ್ನು ಎಲುಬು ಕಾಣುವ ಜಾಗಗಳ ಮೇಲೂ ಎಳೆಯುವುದು, ಕುಂಟುವ ಕಾಲಿಗೆ ಬರೆ ಹಾಕುವುದು, ಊದಿದಲ್ಲಿ ಖಾರದ ಔಷಧ ಹಚ್ಚಿ ಗುಳ್ಳೆ ಎಬ್ಬಿಸುವುದು ನಮ್ಮಲ್ಲೂ ಇತ್ತು, ಯುರೋಪಿನಲ್ಲೂ ಇತ್ತು. ಬರೆ ಬಿದ್ದ ಕುದುರೆಯನ್ನು ತಿಂಗಳುಗಟ್ಟಲೆ ದುಡಿಸಲು ಬರುವುದಿಲ್ಲ. ಗುಣವಾಗಿದ್ದರೆ ಆ ವಿಶ್ರಾಂತಿಯಿಂದಲೇ ಗುಣವಾಗಿರಬೇಕು. ಹಳೆಯದೆಂಬ ಕಾರಣಕ್ಕೆ ಯಾವುದೂ ಪವಿತ್ರವಾಗುವುದಿಲ್ಲ.

ಅಂಗಾರೈಕೆಯಲ್ಲಿ ಯಾವುದು ಮೊದಲು ಎಂದು ಕೇಳಿದರೆ ನನ್ನ ಉತ್ತರ ಗೊರಸು. ಅದು ತಿಂಗಳಿಗೆ ಒಂದು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ ಬೆಳೆಯುತ್ತದೆ. ಆರು ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕೆತ್ತಿ, ಮತ್ತೆ ಕಟ್ಟಬೇಕು. ತಡವಾದರೆ ಮುಂಭಾಗ ಉದ್ದವಾಗಿ ಹಿಮ್ಮಡಿ ಕುಸಿಯುತ್ತದೆ, ಹಿಂದಿನ ರಜ್ಜುಗಳಿಗೆ ಎಳೆತ ಹೆಚ್ಚುತ್ತದೆ, ಆ ಎಳೆತವನ್ನು ಕುದುರೆ ಹೆಗಲಲ್ಲಿ, ಬೆನ್ನಲ್ಲಿ ಹೊರುತ್ತದೆ. ಬಿಗಿದ ಬೆನ್ನಿಗೆ ಎಣ್ಣೆ ಹಚ್ಚುವಾಗ ಆ ಬಿಗಿತದ ಬೇರು ಒಂದೂವರೆ ಮೀಟರ್ ಕೆಳಗೆ, ಸವೆದ ಲಾಳದಲ್ಲಿರಬಹುದು. ನಮ್ಮ ಲಾಯಗಳಲ್ಲಿ ಲಾಳ ಕಟ್ಟುವ ಒಳ್ಳೆಯ ನಾಲ್‌ಬಂದ್ ಸಿಗುವುದು ಕಷ್ಟವಾಗುತ್ತಿದೆ. ಮಸಾಜ್‌ಗೆ ಕೈ ಬಿಚ್ಚಿ ಕೊಡುವವರು ಅವನ ಕೂಲಿಗೆ ಚೌಕಾಸಿ ಮಾಡುತ್ತಾರೆ. ಈ ಲೆಕ್ಕ ತಿರುವುಮುರುವಾಗಬೇಕು.

ಗೊರಸಿನ ನಂತರ ಜೀನು, ಆಮೇಲೆ ಭಾರ ಮತ್ತು ಹೊತ್ತು. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೆಯ ಒಂದು ಪಾಲನ್ನು ಮೀರಬಾರದು ಎಂಬುದು ಸವಾರರು ಸಾಮಾನ್ಯವಾಗಿ ಒಪ್ಪುವ ಮಿತಿ. 350 ಕಿಲೋ ತೂಗುವ ಕುದುರೆಗೆ ಅದು 70 ಕಿಲೋ. ಶೇರ್ವಾನಿ ತೊಟ್ಟ ಮದುಮಗ, ಮುಂದೆ ಕೂತ ಪುಟ್ಟ ಹುಡುಗ, ಬೆಳ್ಳಿಬಣ್ಣದ ಅಲಂಕಾರದ ಜೀನು ಸೇರಿದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ಎಂದು ಓದುಗರೇ ಕೂಡಿಸಬಹುದು. ಭಾರ ಹೊರುವ, ಗಾಡಿ ಎಳೆಯುವ ಪ್ರಾಣಿಗಳಿಗಾಗಿ 1965ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮಗಳು ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದೆನ್ನುತ್ತವೆ. ಉಷ್ಣತೆ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ. ಮುಳ್ಳಿನ ಕಡಿವಾಣವನ್ನು ಸವಾರಿಗೂ ಬಳಸುವಂತಿಲ್ಲ. ಅರವತ್ತು ವರ್ಷದ ಹಿಂದಿನ ಈ ಸಾದಾ ನಿಯಮಗಳನ್ನು ಪಾಲಿಸಿದರೆ ಎಷ್ಟೋ ಕುದುರೆಗಳಿಗೆ ಮಾಲೀಸಿನ ಅಗತ್ಯವೇ ಕಡಿಮೆಯಾದೀತು.

ಕುಂಟು ಗುರುತಿಸುವುದನ್ನು ಸವಾರನೂ ಕಲಿಯಬೇಕು. ಗಟ್ಟಿ ನೆಲದ ಮೇಲೆ ಕುದುರೆಯನ್ನು ಹಗ್ಗ ಹಿಡಿದು ನೇರವಾಗಿ ದುಡುಕಿ (ಟ್ರಾಟ್) ಓಟದಲ್ಲಿ ಓಡಿಸಿ ನೋಡಿ: ನೋವಿನ ಮುಂಗಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ, ಸರಿಯಿರುವ ಕಾಲು ಮುಟ್ಟಿದಾಗ ತಲೆ ಬಾಗುತ್ತದೆ. ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಸವಾರಿಯ ವೇಳೆ ನೋವು ತೋರುವ 24 ವರ್ತನೆಗಳನ್ನು ಪಟ್ಟಿ ಮಾಡಿದ್ದಾರೆ. ಕಿವಿ ಹಿಂದಕ್ಕೆ ಒತ್ತುವುದು, ಬಾಯಿ ತೆರೆಯುವುದು, ಬಾಲ ಬೀಸುವುದು ಅಂಥವು. ಎಂಟು ಅಥವಾ ಹೆಚ್ಚು ಕಂಡರೆ ನೋವಿರುವ ಸಂಭವ ಬಹಳ. ನಾವು ‘ಹಟಮಾರಿ’ ಎಂದು ಚಾಟಿ ಎತ್ತುವ ಎಷ್ಟೋ ಕುದುರೆಗಳು ನೋವು ಹೇಳಿಕೊಳ್ಳುತ್ತಿರುತ್ತವೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದ ಇವೆಂಟಿಂಗ್ ಸ್ಪರ್ಧೆಯಲ್ಲಿ, ಕುದುರೆಯನ್ನು ತೀರ್ಪುಗಾರರು ಮತ್ತು ಪಶುವೈದ್ಯರ ಮುಂದೆ ಹೀಗೆ ಓಡಿಸಿಯೇ ತೋರಿಸಬೇಕು. ಕುಂಟಿದರೆ ಸ್ಪರ್ಧೆಯಿಂದ ಹೊರಗೆ.

ನನ್ನ ತೀರ್ಮಾನ ಹೀಗಿದೆ. ದಿನನಿತ್ಯದ ಮಾಲೀಸು ಒಳ್ಳೆಯದು, ಬಿಡಬಾರದು; ಅದು ಕುದುರೆಗೂ ಮನುಷ್ಯನಿಗೂ ನಡುವಿನ ಭಾಷೆ. ಹೊಸ ಫಿಜಿಯೋಥೆರಪಿಯೂ ಪಶುವೈದ್ಯರ ಸಲಹೆಯ ಮೇರೆಗೆ ನಡೆದರೆ ಸ್ವಾಗತಾರ್ಹ. ರೋಗ ನಿರ್ಣಯದ ಹಕ್ಕು ಮಾತ್ರ ನೋಂದಾಯಿತ ಪಶುವೈದ್ಯರದು. ಕಾನೂನೂ ಅದನ್ನೇ ಹೇಳುತ್ತದೆ. ಗೊರಸು, ಜೀನು, ಭಾರ, ವಿಶ್ರಾಂತಿ ಈ ನಾಲ್ಕನ್ನು ಸರಿಪಡಿಸದೆ ಮಾಡುವ ಯಾವ ಅಂಗಾರೈಕೆಯನ್ನೂ ನಾನು ಆರೈಕೆ ಎಂದು ಒಪ್ಪಲಾರೆ.

ಅಮೀರ್‌ಪೇಟ್‌ನಲ್ಲಾಗಲಿ, ಕಲಬುರಗಿಯಲ್ಲಾಗಲಿ, ಮನೆಯ ಮದುವೆಗೆ ಕುದುರೆ ಗೊತ್ತುಮಾಡುವವರಲ್ಲಿ ಒಂದು ಬೇಡಿಕೆ. ಮುಂಗಡ ಕೊಡುವ ಮೊದಲು ಕುದುರೆಯನ್ನು ಇಪ್ಪತ್ತು ಹೆಜ್ಜೆ ನಡೆಸಲು ಹೇಳಿ. ಗೆಜ್ಜೆ ಬಿಚ್ಚಿಸಿ. ಡಾಂಬರಿನ ಮೇಲೆ ನಾಲ್ಕು ಲಾಳಗಳ ಸದ್ದು ಒಂದೇ ಸಮ ಕೇಳಬೇಕು. ಕೇಳದಿದ್ದರೆ ಆ ಕುದುರೆಗೆ ಅವತ್ತಿನ ಕೂಲಿ ಕೊಟ್ಟು, ಲಾಯಕ್ಕೆ ಕಳಿಸಿಬಿಡಿ.