ಛಾಯಾಚಿತ್ರದಿಂದ ಚಿಟ್ಟೆಗಳ ಪ್ರಭೇದನಿರ್ಣಯ: ಒಂದು ಪರಾಮರ್ಶೆ

ಚಿಟ್ಟೆಗಳ ಪ್ರಾದೇಶಿಕ ಪಟ್ಟಿಗಳಲ್ಲಿ ಅನೇಕವು ಈಗ ಬಯಲಿನಲ್ಲಿ ತೆಗೆದ ಛಾಯಾಚಿತ್ರಗಳನ್ನೇ ಆಧಾರವಾಗಿ ಉಳ್ಳವು. ಜೀವಿಯನ್ನು ಕೊಂದು ಸೂಜಿಗೆ ಚುಚ್ಚಿಡುವ ಹಳೆಯ ಪದ್ಧತಿಯು ಹಿಂದೆ ಸರಿದುದೂ, 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಹಲವು ಪ್ರಭೇದಗಳಿಗೆ ರಕ್ಷಣೆಯನ್ನು ಕಲ್ಪಿಸಿದುದೂ ಸಂತೋಷದ ವಿಷಯವೇ. ಆದರೆ ಚಿತ್ರದ ಕೆಳಗೆ ಬರೆಯುವ ಹೆಸರು ಯಾವ ಪ್ರಮಾಣದಿಂದ ಸಿದ್ಧವಾಯಿತೆಂದು ಕೇಳುವವರು ವಿರಳ. ಪ್ರಸ್ತುತ ಲೇಖಕನು ಪ್ರಾಣಿಶಾಸ್ತ್ರಜ್ಞನಲ್ಲ. ತರ್ಕವ್ಯಾಕರಣಗಳಲ್ಲಿ ಪರಿಶ್ರಮ ಮಾಡಿದವನು. ಆದರೂ ಒಂದು ವಸ್ತುವನ್ನು ಮತ್ತೊಂದರಿಂದ ಬೇರ್ಪಡಿಸುವುದು ಲಕ್ಷಣದ ಕೆಲಸ. ಆ ಲಕ್ಷಣವು ಅಲ್ಲಿ ಉಂಟೆಂದು ತಿಳಿಸುವುದು ಪ್ರಮಾಣದ ಕೆಲಸ. ಈ ಎರಡರ ವಿಚಾರದಲ್ಲಿ ನಮ್ಮ ಶಾಸ್ತ್ರಕಾರರು ಮಾಡಿಟ್ಟಿರುವ ವಿವೇಚನೆಯು ಚಿಟ್ಟೆಗಳಿಗೂ ಸಲ್ಲತಕ್ಕದ್ದೆಂದು ತೋರುವುದರಿಂದ ಈ ಬರಹಕ್ಕೆ ಕೈಹಾಕಿದ್ದೇನೆ.

ಲಕ್ಷಣದ ದೋಷಗಳನ್ನು ತರ್ಕಶಾಸ್ತ್ರದ ಮೊದಲ ಪಾಠಗಳಲ್ಲಿಯೇ ಹೇಳಿಕೊಡುವರು. ಗೋವಿಗೆ ಕಪಿಲವರ್ಣವು ಲಕ್ಷಣವೆಂದರೆ ಬಿಳಿಯ ಹಸುವು ಹೊರಗುಳಿಯುವುದು. ಕೊಂಬು ಲಕ್ಷಣವೆಂದರೆ ಎಮ್ಮೆಯೂ ಒಳಬರುವುದು. ಚಿಟ್ಟೆಗಳ ಕೈಪಿಡಿಗಳನ್ನು ಬರೆದವರು ಇದನ್ನು ಅರಿಯದವರಲ್ಲ. ಋತುಭೇದ ಲಿಂಗಭೇದಗಳನ್ನು ಹೇಳಿ ಅವ್ಯಾಪ್ತಿಯನ್ನೂ ಅತಿವ್ಯಾಪ್ತಿಯನ್ನೂ ಪರಿಹರಿಸಲು ಯತ್ನಿಸಿರುವರು. ತೊಡಕು ಇರುವುದು ಬೇರೆಡೆಯಲ್ಲಿ. “ಈ ಚುಕ್ಕೆ ಇಲ್ಲ, ಆದುದರಿಂದ ಇದು ಆ ಪ್ರಭೇದವಲ್ಲ” ಎಂಬ ವಾಕ್ಯದಲ್ಲಿ ಅಭಾವಜ್ಞಾನವು ಅಡಗಿದೆ. ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆನ್ನುವರು. ನೈಯಾಯಿಕರು ಅದನ್ನು ಪ್ರತ್ಯಕ್ಷಕ್ಕೆ ಸಹಕಾರಿಯೆಂದು ಮಾತ್ರ ಎಣಿಸುವರು. ಇಬ್ಬರಿಗೂ ಸಮ್ಮತವಾದ ನಿಯಮವೊಂದುಂಟು: ಅನುಪಲಬ್ಧಿಯು ಯೋಗ್ಯವಾಗಿರಬೇಕು. ಎಂದರೆ, ವಸ್ತುವು ಇದ್ದಿದ್ದರೆ ಕಂಡೇ ಕಾಣುತ್ತಿತ್ತೆಂಬಂತಹ ಸನ್ನಿವೇಶದಲ್ಲಿ ಕಾಣದಿದ್ದರೆ ಮಾತ್ರ ಅದರ ಅಭಾವವು ಸಿದ್ಧಿಸುವುದು. ಬೆಳಕಿರುವ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಏನೂ ತಿಳಿದಂತಾಗಲಿಲ್ಲ. ಛಾಯಾಚಿತ್ರವನ್ನು ನೋಡಿ ಹೆಸರಿಡುವಲ್ಲಿ ಆಗುವ ಪ್ರಮಾದಗಳಿಗೆ ಈ ಯೋಗ್ಯತೆಯನ್ನು ಪರೀಕ್ಷಿಸದಿರುವುದೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಹಳದಿಯ ಸಣ್ಣ ಚಿಟ್ಟೆಗಳಾದ ‘ಗ್ರಾಸ್ ಯೆಲ್ಲೋ’ಗಳನ್ನು ತೆಗೆದುಕೊಳ್ಳೋಣ. ನಮ್ಮ ತೋಟಗಳಲ್ಲಿಯೂ ರಸ್ತೆಯ ಬದಿಯಲ್ಲಿಯೂ ನೆಲಕ್ಕೆ ಹತ್ತಿರವಾಗಿ ಹಾರಾಡುವ ಇವು ಯೂರಿಮ ಎಂಬ ಕುಲಕ್ಕೆ ಸೇರಿದವು. ಮುಂದಣ ರೆಕ್ಕೆಯ ಕೆಳಮೈಯಲ್ಲಿ, ನರಗಳ ನಡುವಣ ಕೋಶದೊಳಗೆ, ಒಂದೇ ಚುಕ್ಕೆಯಿದ್ದರೆ ಯೂರಿಮ ಆಂಡರ್ಸೋನಿ. ಎರಡಿದ್ದರೆ ಯೂರಿಮ ಹೆಕಾಬೆ. ಮೂರಿದ್ದರೆ ಯೂರಿಮ ಬ್ಲಾಂಡ. ‘ತ್ರೀ ಸ್ಪಾಟ್’ ಎಂಬ ಇಂಗ್ಲಿಷ್ ಹೆಸರಿನೊಳಗೇ ಲಕ್ಷಣವು ಸೇರಿಕೊಂಡಿರುವುದರಿಂದ ನಿರ್ಣಯವು ಎಣಿಕೆಯಷ್ಟೇ ಸುಲಭವೆಂದು ತೋರುವುದು. ಆದರೆ ಚಿಟ್ಟೆಯು ರೆಕ್ಕೆಗಳನ್ನು ಮಡಿಸಿ ಕುಳಿತಾಗ ಹಿಂದಣ ರೆಕ್ಕೆಯು ಮುಂದಣ ರೆಕ್ಕೆಯ ಒಂದು ಭಾಗವನ್ನು ಮರೆಮಾಡುವುದು. ಮುಂದಣ ರೆಕ್ಕೆಯನ್ನು ಒಳಕ್ಕೆಳೆದುಕೊಂಡಷ್ಟೂ ಕೋಶವು ಮುಚ್ಚಿಹೋಗುವುದು. ಋತುವಿಗನುಸಾರವಾಗಿ ಗುರುತುಗಳ ಗಾಢತೆಯೂ ಬದಲಾಗುವುದು. ಹೀಗಿರಲು ಚಿತ್ರದಲ್ಲಿ ಕಂಡ ಸಂಖ್ಯೆಯು ಇರುವ ಸಂಖ್ಯೆಯಲ್ಲ. ಇರುವುದು ಅದಕ್ಕಿಂತ ಕಡಿಮೆಯಲ್ಲವೆಂಬಷ್ಟೇ ಅದರ ಅರ್ಥ. ಮೂರು ಚುಕ್ಕೆಗಳು ಸ್ಫುಟವಾಗಿ ಕಂಡರೆ ಬ್ಲಾಂಡವೆಂಬುದಕ್ಕೆ ಅಡ್ಡಿಯಿಲ್ಲ. ಎರಡು ಕಂಡರೆ ಆಂಡರ್ಸೋನಿಯು ಹೊರಗಾಗುವುದು, ಬ್ಲಾಂಡವು ಹೊರಗಾಗದು. ಒಂದೇ ಕಂಡರೆ ಯಾವುದೂ ಹೊರಗಾಗದು. ಇಷ್ಟಾದರೂ ಎರಡು ಚುಕ್ಕೆ ಕಂಡೊಡನೆ ಹೆಕಾಬೆಯೆಂದು ಬರೆದುಬಿಡುವುದು ವಾಡಿಕೆ. ಬ್ಲಾಂಡವು ವಿರಳವೆಂಬ ನಂಬಿಕೆ ಎಲ್ಲಿಯಾದರೂ ಬೇರೂರಿದರೆ, ಅದರಲ್ಲಿ ಎಷ್ಟು ಪಾಲು ಚಿಟ್ಟೆಯದು, ಎಷ್ಟು ಪಾಲು ಮಡಿಸಿದ ರೆಕ್ಕೆಯದು ಎಂದು ವಿಂಗಡಿಸುವ ಬಗೆ ಹೇಗೆ?

ಈ ಪ್ರಮಾದಕ್ಕೆ ಗ್ರಂಥಕಾರರನ್ನು ದೂರುವುದು ನ್ಯಾಯವಲ್ಲ. 1932ರಲ್ಲಿ ಎರಡನೆಯ ಮುದ್ರಣವನ್ನು ಕಂಡ ಇವಾನ್ಸರ ಭಾರತೀಯ ಚಿಟ್ಟೆಗಳ ನಿರ್ಣಯಗ್ರಂಥವು ರೆಕ್ಕೆಗಳನ್ನು ಹರಡಿ ಒಣಗಿಸಿದ ಮಾದರಿಗಳನ್ನು ಕೈಯಲ್ಲಿ ಹಿಡಿದವರಿಗಾಗಿ ರಚಿತವಾದುದು. ಆ ಮಾದರಿಯಲ್ಲಿ ಮೇಲ್ಮೈಯೂ ಕೆಳಮೈಯೂ ತೆರೆದಿರುವುವು. ಬೇಕಾದರೆ ಭೂತಗನ್ನಡಿಯನ್ನು ಹಿಡಿದು ಮತ್ತೆ ನೋಡಬಹುದು. ಅಲ್ಲಿ “ಚುಕ್ಕೆಯಿಲ್ಲ” ಎಂಬುದು ಯೋಗ್ಯಾನುಪಲಬ್ಧಿಯೇ ಸರಿ. ಅದೇ ಲಕ್ಷಣವಾಕ್ಯವನ್ನು ಒಂದು ಪಾರ್ಶ್ವವನ್ನು, ಒಂದು ಕ್ಷಣವನ್ನು ಮಾತ್ರ ತೋರಿಸುವ ಚಿತ್ರಕ್ಕೆ ಹಚ್ಚಿದರೆ ವಾಕ್ಯವು ಕೆಡಲಿಲ್ಲ, ಅದರ ವಿಷಯವು ಬದಲಾಯಿತು.

ಮತ್ತೊಂದು ಉದಾಹರಣೆಯು ಇನ್ನೂ ಸ್ವಾರಸ್ಯವಾದುದು. ನಿಂಬೆ ಕರಿಬೇವುಗಳ ಎಲೆಯನ್ನು ತಿಂದು ಬೆಳೆಯುವ ‘ಕಾಮನ್ ಮಾರ್ಮನ್’ ಎಂಬ ಚಿಟ್ಟೆಯ ಹೆಣ್ಣಿಗೆ ನಮ್ಮಲ್ಲಿ ಮೂರು ವೇಷಗಳುಂಟು. ಒಂದು ಗಂಡಿನಂತೆಯೇ ಇರುವುದು. ಸ್ಟಿಕಿಯಸ್ ಎಂಬ ಎರಡನೆಯದು ‘ಕಾಮನ್ ರೋಸ್’ ಚಿಟ್ಟೆಯನ್ನೂ, ರೋಮುಲಸ್ ಎಂಬ ಮೂರನೆಯದು ‘ಕ್ರಿಮ್ಸನ್ ರೋಸ್’ ಚಿಟ್ಟೆಯನ್ನೂ ಅನುಕರಿಸುವುವು. ರೋಸ್ ಚಿಟ್ಟೆಗಳ ಮರಿಹುಳುಗಳು ಈಶ್ವರಿ ಬಳ್ಳಿಯನ್ನು ತಿಂದು ಅದರ ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುವುದರಿಂದ ಹಕ್ಕಿಗಳು ಅವನ್ನು ತೊರೆಯುವುವು. ವೇಷಧಾರಿಗೂ ಆ ಅಭಯವು ದೊರೆಯುವುದು. ಹೆಣ್ಣಿನ ಈ ವೇಷಭೇದವನ್ನು ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ನಿಯಂತ್ರಿಸುವುದೆಂದು 2014ರಲ್ಲಿ ಪ್ರಕಟವಾಯಿತು. ಆದರೆ ವೇಷವು ರೆಕ್ಕೆಗೆ ಮಾತ್ರ. ಒಡಲು ಕಪ್ಪಾಗಿಯೇ ಉಳಿಯುವುದು, ರೋಸ್ ಚಿಟ್ಟೆಗಳ ಒಡಲಾದರೋ ಕೆಂಪನ್ನು ಉಳ್ಳದ್ದು. ರಂಗಕ್ಕೆ ಬಂದ ನಟನು ಕಿರೀಟ ಭುಜಕೀರ್ತಿಗಳನ್ನು ಧರಿಸಿಯೂ ಮುಖಕ್ಕೆ ಬಣ್ಣ ಹಚ್ಚಲು ಮರೆತಂತೆ! ಆದುದರಿಂದ ಒಡಲ ಬಣ್ಣವೇ ನಿರ್ಣಾಯಕವೆಂದು ಕೈಪಿಡಿಗಳು ಹೇಳುವುವು, ಹೇಳುವುದು ಸರಿಯೇ. ಆದರೆ ಕಾಮನ್ ರೋಸ್‌ನ ಕೆಂಪು ಎದ್ದು ಕಾಣುವುದು ಒಡಲಿನ ಪಕ್ಕಗಳಲ್ಲಿಯೂ ತುದಿಯಲ್ಲಿಯೂ. ಬೆನ್ನು ಬಹುಮಟ್ಟಿಗೆ ಕಪ್ಪೇ. ಮೇಲಿನಿಂದ ತೆಗೆದ ಚಿತ್ರದಲ್ಲಿ, ಅಥವಾ ಒಡಲು ನೆರಳಿಗೆ ಬಿದ್ದಿರುವಾಗ, ಕೆಂಪು ಕಾಣಲಿಲ್ಲವೆಂಬಷ್ಟರಿಂದಲೇ ಮಾರ್ಮನ್ ಎಂದರೆ, ವೇಷಧಾರಿಯನ್ನು ಬಯಲಿಗೆಳೆಯಹೊರಟವರು ದಿಟದ ಅರಸನನ್ನೇ ಆಸ್ಥಾನದಿಂದ ಹೊರದೂಡಿದಂತಾಗುವುದು.

ಎಕ್ಕದ ಗಿಡದ ‘ಪ್ಲೇನ್ ಟೈಗರ್’ ಮತ್ತು ಅದನ್ನು ಅನುಕರಿಸುವ ‘ಡನಾಯ್ಡ್ ಎಗ್‌ಫ್ಲೈ’ ಹೆಣ್ಣು, ಇವುಗಳ ಸ್ಥಿತಿಯೂ ಇಂತಹುದೇ. ಹಿಂದಣ ರೆಕ್ಕೆಯ ನಡುವೆ ಮೂರು ನಾಲ್ಕು ಕಪ್ಪು ಚುಕ್ಕೆಗಳು ಕಂಡರೆ ಟೈಗರ್. ರೆಕ್ಕೆ ಅರ್ಧ ಮುಚ್ಚಿದ್ದು ಒಂದೇ ಕಂಡರೆ ಸಂಶಯವು ಸಂಶಯವಾಗಿಯೇ ನಿಲ್ಲತಕ್ಕದ್ದು. ‘ಕಾಮನ್ ಕ್ರೋ’ ಗಂಡಿನ ಮುಂದಣ ರೆಕ್ಕೆಯ ಮೇಲ್ಮೈಯಲ್ಲಿ ಗಂಧದ ಗೆರೆ ಒಂದು, ‘ಡಬಲ್ ಬ್ರ್ಯಾಂಡೆಡ್ ಕ್ರೋ’ ಗಂಡಿಗೆ ಎರಡು. ಆದರೆ ರೆಕ್ಕೆ ಮಡಿಸಿ ಕುಳಿತ ಚಿತ್ರದಲ್ಲಿ ಒಂದೂ ಕಾಣದು.

ಹಾಗಾದರೆ ಛಾಯಾಚಿತ್ರವು ಪ್ರಮಾಣವೇ ಅಲ್ಲವೆಂದು ಹೇಳಿದಂತಾಯಿತೆ? ಹಾಗಲ್ಲ. ಚಿತ್ರದಲ್ಲಿ ತೋರುವ ಮೈಯ ಮೇಲೆಯೇ ಭಾವರೂಪವಾದ ಗುರುತನ್ನು ಹುಡುಕಬೇಕು. ಪುಟ್ಟ ನೀಲಿಚಿಟ್ಟೆಗಳಲ್ಲಿ ‘ಲೆಸರ್ ಗ್ರಾಸ್ ಬ್ಲೂ’ವಿಗೆ ಮುಂದಣ ರೆಕ್ಕೆಯ ಕೋಶದಲ್ಲಿ ಚುಕ್ಕೆಯಿಲ್ಲ, ‘ಪೇಲ್ ಗ್ರಾಸ್ ಬ್ಲೂ’ವಿಗೆ ಉಂಟು. ಇದು ಅಭಾವಲಕ್ಷಣ, ರೆಕ್ಕೆಯ ಮರೆಯು ಇಲ್ಲಿಯೂ ಬಾಧಿಸಬಹುದು. ಆದರೆ ಲೆಸರ್ ಗ್ರಾಸ್ ಬ್ಲೂವಿನ ಹಿಂದಣ ರೆಕ್ಕೆಯ ಕೆಳಮೈಯಲ್ಲಿ, ಮುಂಚಿನ ಅಂಚಿನ ಹತ್ತಿರ, ಸಾಲಿನ ಒಂದು ಚುಕ್ಕೆಯು ತನ್ನ ಸಾಲನ್ನು ಬಿಟ್ಟು ಒಳಕ್ಕೆ ಸರಿದಿರುವುದು. ಕುಳಿತ ಚಿಟ್ಟೆಯ ಹಿಂದಣ ರೆಕ್ಕೆಯಂತೂ ನಮ್ಮೆದುರಿಗೇ ಇರುವುದರಿಂದ ಚಿತ್ರವನ್ನು ನೋಡುವವನಿಗೆ ಇದೇ ಉತ್ತಮ ಲಕ್ಷಣ.

ಸ್ಥಳವನ್ನು ನೋಡಿ ನಿರ್ಣಯಿಸುವವರೂ ಉಂಟು: ಈ ಪ್ರಭೇದವು ಈ ಜಿಲ್ಲೆಯಲ್ಲಿಲ್ಲ, ಆದುದರಿಂದ ಇದು ಅದಲ್ಲ ಎಂಬುದು ಅವರ ವಾದ. ಮಾದರಿಗಳಿಂದ ಸಿದ್ಧವಾದ ವ್ಯಾಪ್ತಿಯಾದರೆ ಇದು ಒಪ್ಪತಕ್ಕ ಅನುಮಾನ. ಚಿತ್ರಗಳಿಂದಲೇ ವ್ಯಾಪ್ತಿಯನ್ನು ಬರೆದು, ಆ ವ್ಯಾಪ್ತಿಯಿಂದಲೇ ಚಿತ್ರಗಳಿಗೆ ಹೆಸರಿಟ್ಟರೆ ಅನ್ಯೋನ್ಯಾಶ್ರಯ. ಹೆಸರಿಟ್ಟ ಚಿತ್ರಗಳನ್ನು ಉಣಿಸಿ ಪಳಗಿಸಿದ ಗಣಕಯಂತ್ರದ ಉತ್ತರಕ್ಕೂ ಈ ಮಾತು ಸಲ್ಲುವುದು. ಒಂದೇ ಮಾತೃಕೆಯಿಂದ ಇಳಿದ ನೂರು ಓಲೆಪ್ರತಿಗಳು ಪಾಠನಿರ್ಣಯದಲ್ಲಿ ಒಂದೇ ಸಾಕ್ಷಿಯೆಂಬುದು ಗ್ರಂಥಸಂಪಾದಕರಿಗೆ ತಿಳಿದ ವಿಷಯವಷ್ಟೆ.

ಇದೆಲ್ಲ ಬರಿಯ ವಾದವಿನೋದವೆಂದು ವಾಚಕರು ಭಾವಿಸಬಾರದು. 1890ರ ದಶಕದಲ್ಲಿ ಡೇವಿಡ್‌ಸನ್, ಬೆಲ್, ಏಟ್‌ಕೆನ್ ಎಂಬ ಮೂವರು ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳನ್ನು ಕುರಿತು ಬರೆದುದು ಅಲ್ಲಿಯ ಗಿಡಗಳಿಂದ ಮರಿಹುಳುಗಳನ್ನು ತಂದು ಸಾಕಿ, ಕೋಶದಿಂದ ಚಿಟ್ಟೆ ಹೊರಬರುವವರೆಗೂ ಕಾದು ನೋಡಿದ ಫಲ. ಇಂದಿನ ಪಟ್ಟಿಯನ್ನು ಅದರೊಡನೆ ಹೋಲಿಸಿ, ಆ ಕಾಡಿನಿಂದ ಇಂತಹುದು ಅಳಿಯಿತು, ಇಂತಹುದು ಹೊಸದಾಗಿ ಬಂದಿತು ಎಂದು ಹೇಳಬೇಕಾದರೆ ಎರಡು ಪಟ್ಟಿಗಳ ಹೆಸರುಗಳೂ ಸಮಬಲದವಾಗಿರಬೇಕು. ಚಿತ್ರದೊಡನೆ ಹೆಸರನ್ನು ಮಾತ್ರವಲ್ಲದೆ, ಕಂಡ ಗುರುತು ಯಾವುದು, ಇಲ್ಲವೆಂದ ಗುರುತಿನ ಸ್ಥಾನವು ತೆರೆದಿತ್ತೆ ಎಂಬುದನ್ನೂ ಬರೆದಿಡುವುದು ಅವಶ್ಯ. ಅದು ಬಾರದಿದ್ದಲ್ಲಿ ಕುಲದ ಹೆಸರಿಗೇ ನಿಲ್ಲಬೇಕು. ಸಾಧ್ಯವಾದರೆ ಚಿಟ್ಟೆಯು ಮೊಟ್ಟೆಯಿಡುವವರೆಗೆ ಕಾಯಬೇಕು. ಹೆಕಾಬೆಯು ಎಲೆಯ ಮೇಲೆ ಮೊಟ್ಟೆಗಳನ್ನು ಒಂದೊಂದಾಗಿ ಇಡುವುದು. ಬ್ಲಾಂಡವು ಗುಂಪಾಗಿ ಇಡುವುದು, ಅದರ ಮರಿಗಳೂ ಗುಂಪಿನಲ್ಲಿಯೇ ಮೇಯುವುವು. ರೆಕ್ಕೆಯ ಚುಕ್ಕೆಗಳು ಮುಚ್ಚಿಹೋಗಿದ್ದರೂ, ಆ ಎಲೆಯ ಚಿತ್ರವೊಂದು ಜೊತೆಗಿದ್ದರೆ ನಿರ್ಣಯಕ್ಕೆ ಬಲವಾದ ಸಾಕ್ಷ್ಯವು ದೊರೆಯುವುದು.