ಕನ್ನಡ ಕ್ರೈಸ್ತ ಪರಿಭಾಷೆ: ಬಳ್ಳಾರಿಗೆ ಮುಂಚಿನ ಕೆಲವು ಸುಳಿವುಗಳು

ಕನ್ನಡದ ಕ್ರೈಸ್ತ ಪರಿಭಾಷೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರಿಂದ ಆರಂಭಿಸುತ್ತಾರೆ. ವಿಲಿಯಂ ರೀವ್ ಅವರ ನಿಘಂಟುಗಳನ್ನು ಹಾದು, 1894ರ ಕಿಟೆಲ್ ಕೋಶಕ್ಕೆ ಬಂದು ವಿಶ್ರಮಿಸುತ್ತಾರೆ. ಅಚ್ಚಾದ ಗ್ರಂಥಗಳು ಕೈಗೆ ದೊರೆಯುವುದರಿಂದ ಈ ಕ್ರಮ ಸುಲಭವಾದುದು. ಆದರೆ ಅದು ಅಚ್ಚಿನ ಚರಿತ್ರೆಯೇ ಹೊರತು ಪದಗಳ ಚರಿತ್ರೆಯಲ್ಲ.

'ಪಾದ್ರಿ', 'ಇಗರ್ಜಿ' ಎಂಬ ಮಾತುಗಳು ಪೋರ್ಚುಗೀಸರಿಂದ ಬಂದವೆಂಬುದು ಎಲ್ಲರೂ ಬಲ್ಲ ಸಂಗತಿ. 'ಶಿಲುಬೆ'ಯಾದರೋ ಇನ್ನೂ ದೂರದ್ದು. ಸುರಿಯಾನಿ ಭಾಷೆಯ 'ಸ್ಲೀಬಾ' ಅದರ ಮೂಲ. ತಮಿಳಿನ 'ಸಿಲುವೈ' ಅದರ ಸೋದರರೂಪ. ಗ್ರೀಕಿನಿಂದಾಗಲಿ ಇಂಗ್ಲಿಷಿನಿಂದಾಗಲಿ ನೇರವಾಗಿ ಅನುವಾದಿಸಿದವರಿಗೆ ಈ ಶಬ್ದ ದೊರೆಯುವಂತಿರಲಿಲ್ಲ. ಪ್ರಾಟೆಸ್ಟಂಟ್ ಬೈಬಲ್ಲಿನಲ್ಲಿಯೂ ಅದೇ ನಿಂತಿರುವುದನ್ನು ನೋಡಿದರೆ, ಅದು ಅನುವಾದಕರ ಸೃಷ್ಟಿಯಲ್ಲವೆಂಬುದು ಸ್ಪಷ್ಟ.

ಇನ್ನು ಒಂದೇ ಸಂಸ್ಕಾರಕ್ಕೆ ನಮ್ಮಲ್ಲಿ ಎರಡು ಹೆಸರುಗಳಿವೆ. ಪ್ರಾಟೆಸ್ಟಂಟರು 'ದೀಕ್ಷಾಸ್ನಾನ'ವೆನ್ನುತ್ತಾರೆ, ಕಥೋಲಿಕರು 'ಜ್ಞಾನಸ್ನಾನ'ವೆನ್ನುತ್ತಾರೆ. ಮೊದಲನೆಯದು ಪಂಗಡವೊಂದಕ್ಕೆ ಪ್ರವೇಶಿಸುವ ವಿಧಿಯನ್ನು ಮುಂದಿಡುತ್ತದೆ. ವೀರಶೈವ ದೀಕ್ಷೆಯನ್ನು ಕಂಡ ನಾಡಿನಲ್ಲಿ ಅದರ ಅರ್ಥ ಒಡನೆಯೇ ಹೊಳೆಯುವಂಥದು. ಎರಡನೆಯದರಲ್ಲಿ ಒತ್ತು ಅರಿವಿನ ಮೇಲೆ. ಇದು ತಮಿಳಿನಲ್ಲಿಯೂ ರೂಢವಾಗಿರುವ ಮಾತೆಂಬುದನ್ನು ನಮ್ಮ ಚರಿತ್ರಕಾರರು ಏಕೋ ಗಮನಿಸಿಲ್ಲ.

ಇಲ್ಲಿ ಲಿಯೊನಾರ್ದೊ ಚಿನ್ನಮಿ ಎಂಬ ಇಟಲಿಯ ಜೆಸ್ವಿಟ್ ಪಾದ್ರಿಯ ಹೆಸರು ಬರಬೇಕು. ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ (1638–1659) ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನನ್ನು ನೆಲೆಗೊಳಿಸಿದವರು ಅವರು. 1606ರಲ್ಲಿ ಮದುರೆಗೆ ಬಂದ ರಾಬರ್ಟ್ ಡಿ ನೊಬಿಲಿಯವರ ಮಾರ್ಗವನ್ನು ಹಿಡಿದು ಸಂನ್ಯಾಸಿಯ ವೇಷ ಧರಿಸಿದರು. ಕನ್ನಡ ಕಲಿತು ವ್ಯಾಕರಣವನ್ನೂ ಧರ್ಮಬೋಧೆಯ ಕೃತಿಗಳನ್ನೂ ರಚಿಸಿದರೆಂದು ಜೆಸ್ವಿಟ್ ಮೂಲಗಳು ಹೇಳುತ್ತವೆ. ಅವು ಅಚ್ಚು ಕಾಣಲಿಲ್ಲ. ಆದುದರಿಂದಲೇ ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಅವರಿಗೆ ಒಂದು ಸಾಲಾದರೂ ದೊರೆಯುವುದು ಅಪರೂಪ.

ಹಾಗೆಂದು 'ಜ್ಞಾನಸ್ನಾನ' ಚಿನ್ನಮಿಯವರ ಸೃಷ್ಟಿಯೆಂದು ಒಡನೆಯೇ ತೀರ್ಮಾನಿಸುವುದೂ ದುಡುಕು. ಚಿನ್ನಮಿಯವರ ಅಭಿಮಾನಿಗಳು ಮಾಡಬಹುದಾದ ತಪ್ಪು ಇದೇ. ತಮಿಳಿನಿಂದ ಪದ ಬಂದ ದಾರಿ ಒಂದೇ ಆಗಿರಬೇಕಿಲ್ಲ. 1773ರಲ್ಲಿ ಜೆಸ್ವಿಟ್ ಸಂಘ ರದ್ದಾದ ಮೇಲೆ ಮೈಸೂರಿನ ಕಾರ್ಯ ಪ್ಯಾರಿಸ್ಸಿನ ವಿದೇಶೀ ಮಿಷನ್ನಿನವರ ಕೈಸೇರಿತು. ಅವರಿಗೆ ಪುದುಚೇರಿಯೇ ಕೇಂದ್ರ. ಶ್ರೀರಂಗಪಟ್ಟಣದ ಪತನವಾದ 1799ರ ಬಳಿಕ ಅಲ್ಲಿಗೆ ಬಂದ ಅಬ್ಬೆ ದ್ಯುಬುವಾ ಆ ಸಂಘದವರೇ. ಜನ ಅವರನ್ನು ಕರೆದುದು 'ಪಾದ್ರಿ' ಎಂದಲ್ಲ, 'ದೊಡ್ಡಸ್ವಾಮಿ' ಎಂದು. ಬೈಬಲ್ ಅನುವಾದಗಳನ್ನು ಕುರಿತು 1823ರಲ್ಲಿ ಕಟುವಾಗಿ ಬರೆದ ಇವರನ್ನು ನಮ್ಮವರು ಹಿಂದೂ ಆಚಾರಗಳನ್ನು ವರ್ಣಿಸಿದವರೆಂದು ಮಾತ್ರ ನೆನೆಯುತ್ತಾರೆ.

ಪುದುಚೇರಿಯ ಈ ನಂಟಿಗೆ ಸಾಕ್ಷಿ ಯಶವಂತಪುರದ ನೆರೆಯಲ್ಲಿಯೇ ಇದೆ. ಮಲ್ಲೇಶ್ವರದ ಸಂತ ಪೇತ್ರರ ವಿದ್ಯಾಲಯ ಪುದುಚೇರಿಯಲ್ಲಿ ಹುಟ್ಟಿ 1934ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಗುರುಗಳಾಗುವವರು ಓದುವ ಇಂತಹ ಸ್ಥಳವನ್ನು ಕನ್ನಡ ಕಥೋಲಿಕರು 'ಗುರುಮಠ'ವೆನ್ನುತ್ತಾರೆ. ಕೇಳಿದೊಡನೆ ಅಚ್ಚ ಕನ್ನಡನಾಡಿನ ಮಾತೆನಿಸುತ್ತದೆ. ತಮಿಳಿನಲ್ಲಿಯೂ ಅದು 'ಗುರುಮಡಂ'. ಚಿನ್ನಮಿಯವರ ಕಾಲದ ಪದ ಯಾವುದು, ಫ್ರೆಂಚ್ ಗುರುಗಳೊಡನೆ ಬಂದುದು ಯಾವುದು ಎಂಬುದನ್ನು ಬೇರ್ಪಡಿಸಬೇಕಾದರೆ ಹಳೆಯ ಕೈಬರಹದ ಜಪಪುಸ್ತಕಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ಮೊದಲು ತಮಿಳಿನವುಗಳೊಡನೆ, ಆಮೇಲೆ ಬಳ್ಳಾರಿಯ ಅಚ್ಚಿನೊಡನೆ ಹೋಲಿಸಬೇಕು.